ಗ್ರಾಂ ಲೆಕ್ಕದ ದಿನಗಳು

ನಾನು ತಾಯಿಯಾದಾಗ ನನಗೆ 19 ವರ್ಷ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರಿಂದ ಹಿಡಿದು ಸ್ಕ್ಯಾನ್ ಮಾಡುವವರವರೆಗೆ ಎಲ್ಲರೂ ಮೊದಲು ಕೇಳುತ್ತಿದ್ದುದು ವಯಸ್ಸನ್ನೇ. ಹೇಳಿದ ತಕ್ಷಣ ತಲೆಯೆತ್ತಿ ಒಮ್ಮೆ ನೋಡೋರು. ಆಮೇಲಿನ ಮಾತೆಲ್ಲ ಪಕ್ಕದಲ್ಲಿ ಕೂತ ಅಮ್ಮನ ಜೊತೆ. ಹೊಟ್ಟೆ ನನ್ನದು, ಒಳಗೆ ಒದೆಯುತ್ತಿದ್ದ ಮಗು ನನ್ನದು, ಆದರೆ ಮಾತ್ರೆ ಯಾವ ಹೊತ್ತಿಗೆ ನುಂಗಬೇಕು ಅನ್ನುವುದನ್ನು ಮಾತ್ರ ಅಮ್ಮನಿಗೆ ಹೇಳೋರು.

ವಯಸ್ಸು ಕೇಳುವುದೇ ತಪ್ಪು ಅನ್ನುತ್ತಿಲ್ಲ. 10ರಿಂದ 19 ವರ್ಷದೊಳಗೆ ತಾಯಿಯಾಗುವವರಿಗೆ, 20ರಿಂದ 24 ವರ್ಷದವರಿಗಿಂತ ಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರಿ ಫಿಟ್ಸ್ ಬರುವುದು) ಮತ್ತು ಹೆರಿಗೆಯ ನಂತರದ ಸೋಂಕಿನ ಅಪಾಯ ಹೆಚ್ಚು; ಅವರ ಮಕ್ಕಳು ದಿನ ತುಂಬುವ ಮೊದಲೇ, ಕಡಿಮೆ ತೂಕದಲ್ಲಿ ಹುಟ್ಟುವುದೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನೆಲ್ಲ ನಾನು ಓದಿ ತಿಳಿದುಕೊಂಡದ್ದು ಮಗಳು ನಡೆಯಲು ಕಲಿತ ಮೇಲೆ. ಬಸುರಿಯಾಗಿದ್ದಾಗ "ಇಷ್ಟು ಬೇಗ ಬೇಕಿತ್ತಾ" ಅಂತ ಕೇಳಿದವರು ಎಷ್ಟೋ ಜನ. "ತಲೆನೋವು ಜಾಸ್ತಿಯಾಗಿ ಕಣ್ಣು ಮಂಜಾದರೆ ಬೆಳಗಾಗೋವರೆಗೂ ಕಾಯಬೇಡ, ಬಂದುಬಿಡು" ಅಂತ ಹೇಳಿದವರು ಒಬ್ಬರೂ ಇಲ್ಲ. ನನಗೆ ಬೇಕಾಗಿದ್ದುದು ಆ ಎರಡನೆಯ ಮಾತು.

ಮಗುವಿನ ಅಪ್ಪನ ವಿಷಯ ಎರಡು ಸಾಲಿನಲ್ಲಿ ಮುಗಿಸುತ್ತೇನೆ. ಇಷ್ಟಪಟ್ಟೇ ಮದುವೆಯಾದೆವು. ನನಗೆ ಐದು ತಿಂಗಳಾಗಿದ್ದಾಗ ಕೆಲಸ ಹುಡುಕಿಕೊಂಡು ಹೋದವರು ಮೊದಲು ಫೋನ್ ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿದರು. ನಾನು ತವರಿಗೆ ಬಂದೆ. ಅಮ್ಮ ಬಾಗಿಲು ತೆಗೆದಳು, ಬ್ಯಾಗ್ ಒಳಗಿಟ್ಟಳು, ಏನೂ ಕೇಳಲಿಲ್ಲ. ಬಹಳ ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿಕೊಂಡು ಇದ್ದೆವು. ಆ ಮೌನವನ್ನು ನಾನು ಸಿಟ್ಟು ಅಂದುಕೊಂಡಿದ್ದೆ.

33 ವಾರವಾಗಿತ್ತು. ಎರಡು ದಿನದಿಂದ ತಲೆ ಸಿಡಿಯುತ್ತಿತ್ತು. ಬೆರಳಿನ ಉಂಗುರ ಮೇಲೂ ಬರದು, ಕೆಳಗೂ ಇಳಿಯದು. ಬೆಳಗ್ಗೆ ಏಳುವ ಹೊತ್ತಿಗೆ ಮುಖ ಊದಿರುತ್ತಿತ್ತು. ಬಸುರಿಯರಿಗೆ ಕಾಲು ಊದುವುದು ಸಹಜ ಅಂತ ಎಲ್ಲರೂ ಹೇಳಿದ್ದರಿಂದ ನಾನೂ ಸುಮ್ಮನಿದ್ದೆ. ಮೂರನೇ ರಾತ್ರಿ ಕಣ್ಣ ಮುಂದೆ ಬೆಳ್ಳಿ ಚುಕ್ಕಿಗಳು ಹಾರಾಡತೊಡಗಿದವು. ಪಕ್ಕೆಲುಬಿನ ಕೆಳಗೆ, ಬಲಗಡೆ, ಯಾರೋ ಮುಷ್ಟಿ ಒತ್ತಿ ಹಿಡಿದ ಹಾಗೆ ನೋವು. ಅಮ್ಮ ನನ್ನ ಮುಖ ನೋಡಿದವಳೇ ಚಪ್ಪಲಿ ಮೆಟ್ಟಿದಳು.

ಬಿಪಿ 164/112 ಇತ್ತು. 20 ವಾರದ ನಂತರ ಅದು 140/90 ಮುಟ್ಟಿದರೇ ಪ್ರೀ-ಎಕ್ಲಾಂಪ್ಸಿಯಾ, ಅಂದರೆ ಎಕ್ಲಾಂಪ್ಸಿಯಾದ ಹಿಂದಿನ ಹಂತ, ಇರಬಹುದೆಂದು ಪರೀಕ್ಷೆ ಮಾಡುತ್ತಾರೆ, 160/110 ಮುಟ್ಟಿದರೆ ತೀವ್ರ ಎನ್ನುತ್ತಾರೆ. ಫಿಟ್ಸ್ ಬರದಿರಲಿ ಅಂತ ಮೆಗ್ನೀಶಿಯಂ ಸಲ್ಫೇಟ್ ಕೊಟ್ಟರು. ಅದು ಮೈಯೊಳಗೆ ಇಳಿಯುವಾಗ ಆಗುವ ಉರಿಯನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ನೆತ್ತಿಯಿಂದ ಅಂಗಾಲಿನವರೆಗೆ ಬಿಸಿ ಸುರಿದ ಹಾಗಾಯಿತು, ನಾಲಿಗೆ ದಪ್ಪಗಾಯಿತು. ಆಗಾಗ ಬಂದು ಪುಟ್ಟ ಸುತ್ತಿಗೆಯಿಂದ ಮಂಡಿಗೆ ತಟ್ಟಿ ಕಾಲು ಎಗರುತ್ತದೋ ಇಲ್ಲವೋ ನೋಡೋರು. ಔಷಧಿ ಮಿತಿಮೀರಿದರೆ ಮೊದಲು ಹೋಗುವುದು ಆ ಎಗರು ಅಂತೆ. ಮಗುವಿನ ಶ್ವಾಸಕೋಶ ಬಲಿಯಲಿ ಅಂತ 12 ಗಂಟೆಗೊಂದರಂತೆ ನಾಲ್ಕು ಸ್ಟೀರಾಯ್ಡ್ ಇಂಜೆಕ್ಷನ್. "ಎರಡು ದಿನ ತಳ್ಳಿದರೆ ಸಾಕು" ಎಂದರು ಡಾಕ್ಟರ್. ಎರಡು ದಿನ ತಳ್ಳಿದೆವು. ಮೂರನೇ ದಿನ ಬಿಪಿ ಮಾತು ಕೇಳಲಿಲ್ಲ, ಸಿಸೇರಿಯನ್ ಆಯಿತು.

1,640 ಗ್ರಾಂ. ಪರದೆಯ ಆ ಕಡೆಯಿಂದ ಒಂದು ಸಣ್ಣ ಕುಂಯ್ ಸದ್ದು ಕೇಳಿಸಿತು, ಬಟ್ಟೆಯಲ್ಲಿ ಸುತ್ತಿದ ಏನೋ ಒಂದು ನನ್ನ ಕೆನ್ನೆಯ ಹತ್ತಿರ ಬಂದು ಹೋಯಿತು. ಅಷ್ಟೇ. ನಾನು ಮಗಳ ಮುಖವನ್ನು ಸರಿಯಾಗಿ ನೋಡಿದ್ದು 20 ಗಂಟೆಗಳಾದ ಮೇಲೆ.

ಆ 20 ಗಂಟೆಗಳ ನಡುವೆ, ಹೊಲಿಗೆಯ ನೋವಿಗೆ ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದಾಗ, ಒಬ್ಬರು ಸಿಸ್ಟರ್ ಸೂಜಿಯಿಲ್ಲದ ಪುಟ್ಟ ಸಿರಿಂಜ್ ಹಿಡಿದು ಬಂದರು. ನನ್ನ ವಯಸ್ಸು ಕೇಳಲಿಲ್ಲ. ಗಂಡ ಎಲ್ಲಿ ಅಂತಲೂ ಕೇಳಲಿಲ್ಲ. "ಎದ್ದು ಕೂರೋಕಾಗುತ್ತಾ? ಆಗದಿದ್ರೆ ಬೇಡ, ಮಲಗೇ ಇರು. ನಿನ್ನ ಮಗೂಗೆ ಔಷಧಿ ತಗೊಂಡು ಹೋಗೋಕೆ ಬಂದೆ. ಅದು ನಿನ್ನ ಹತ್ರಾನೇ ಇರೋದು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಕೈಯನ್ನೇ ಹಿಡಿದು ಕಲಿಸಿದರು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಎದೆಗೂಡಿನ ಕಡೆಗೆ ಹಿಂದಕ್ಕೆ ಒತ್ತಬೇಕು, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅಮುಕಿ ಬಿಡಬೇಕು. ಚರ್ಮದ ಮೇಲೆ ಜಾರಿಸಿ ಹಿಂಡಬಾರದು, ಹಾಗೆ ಮಾಡಿದರೆ ಗಾಯವಾಗುತ್ತದೆ, ಹಾಲು ಬರುವುದಿಲ್ಲ. ಒತ್ತು, ಅಮುಕು, ಬಿಡು. ಒತ್ತು, ಅಮುಕು, ಬಿಡು. ಹತ್ತು ನಿಮಿಷ ಏನೂ ಬರಲಿಲ್ಲ. ನನಗೆ ಅಳು ಬಂತು. ಅವರು ಕೈ ಬಿಡಲಿಲ್ಲ. ಆಮೇಲೆ ತೊಟ್ಟಿನ ತುದಿಯಲ್ಲಿ ಜೇನಿನ ಬಣ್ಣದ, ಸಾಸಿವೆ ಕಾಳಿನಷ್ಟು ಒಂದು ಹನಿ ಕಂಡಿತು. ಅವರು ಅದನ್ನು ಸಿರಿಂಜಿನ ಬಾಯಿಂದ ಹೀರಿಕೊಂಡರು, ಒಂದು ಚೂರೂ ಹಾಳಾಗದ ಹಾಗೆ. ಅರ್ಧ ಗಂಟೆಯಲ್ಲಿ ಸಿಕ್ಕಿದ್ದು 0.4 ಮಿಲಿಲೀಟರ್.

"ಇಷ್ಟೇನಾ" ಎಂದೆ.

"ಇಷ್ಟೇ ಬೇಕಾಗಿರೋದು ಈಗ. ಇದರಲ್ಲಿ ಸೋಂಕು ತಡೆಯೋ ಶಕ್ತಿ ತುಂಬಿರುತ್ತೆ. ಎರಡು ಮೂರು ಗಂಟೆಗೊಂದು ಸಲ ಹೀಗೆ ಮಾಡು, ದಿನಕ್ಕೆ ಎಂಟು ಸಲವಾದ್ರೂ ಆಗಬೇಕು. ರಾತ್ರೀನೂ ಬಿಡಬಾರದು. ರಾತ್ರಿ ಬಿಟ್ರೆ ಹಾಲು ಕಡಿಮೆ ಆಗುತ್ತೆ."

ಆಗಿನಿಂದ ಇವತ್ತಿನವರೆಗೆ ನನಗೆ ಧೈರ್ಯ ಹೇಳಿದವರು ಬಹಳ ಮಂದಿ ಇದ್ದಾರೆ. ಅವರ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ಧೈರ್ಯದ ಮಾತು ಅವರು ಎದ್ದುಹೋದ ಮೇಲೆ ಉಳಿಯುತ್ತಿರಲಿಲ್ಲ. ಆ ಸಿಸ್ಟರ್ ನನ್ನ ಕೈಗೊಂದು ಕೆಲಸ ಕೊಟ್ಟು ಹೋದರು, ಅದು ಉಳಿಯಿತು. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಒತ್ತುವಾಗ, ನನ್ನಿಂದ ಆಗದು ಅಂತ ಯೋಚಿಸುವುದಕ್ಕೆ ಸಮಯವೇ ಇರುತ್ತಿರಲಿಲ್ಲ. ಮೂರನೇ ದಿನಕ್ಕೆ 5 ಮಿಲಿಲೀಟರ್ ಬಂತು, ಐದನೇ ದಿನಕ್ಕೆ ಒಂದೇ ಸಲಕ್ಕೆ 30.

ಬ್ಯಾಗಿನಲ್ಲಿ ನನ್ನ ಕಾಲೇಜಿನ ಲೆಕ್ಕಶಾಸ್ತ್ರದ ನೋಟ್‌ಬುಕ್ ಉಳಿದುಕೊಂಡಿತ್ತು. ಎರಡನೇ ವರ್ಷದ ಡಿಗ್ರಿಯಲ್ಲಿ ಬಿಟ್ಟದ್ದು. ಮುಂದಿನ ಪುಟಗಳಲ್ಲಿ ಆಸ್ತಿ ಹೊಣೆ ಪಟ್ಟಿಯ ಲೆಕ್ಕ ಅರ್ಧಕ್ಕೇ ನಿಂತಿತ್ತು. ಅದನ್ನು ತಲೆಕೆಳಗು ಮಾಡಿ, ಹಿಂದಿನ ಪುಟದಿಂದ ಮಗಳ ತೂಕ ಬರೆಯತೊಡಗಿದೆ. ಮೊದಲ ಸಾಲು 1,640. ಆಮೇಲೆ 1,600. 1,550. ನಾಲ್ಕನೇ ದಿನ 1,510.

1,510 ಎಂದು ಬರೆದಾಗ ಪೆನ್ನು ನಡುಗಿದೆ, ಈಗಲೂ ಕಾಣುತ್ತದೆ. ನೋಡಲು ಬಂದಿದ್ದ ನೆಂಟರೊಬ್ಬರು "ಹುಡುಗಿ ಇನ್ನೂ ಎಳೆಯವಳು, ಹಾಲೇ ಇಲ್ಲ ಅನ್ನಿಸುತ್ತೆ" ಎಂದು ಅಮ್ಮನ ಕಿವಿಯಲ್ಲಿ, ನನಗೆ ಕೇಳಿಸುವ ಹಾಗೆ ಹೇಳಿದರು. ನಾನು ಸಿಸ್ಟರ್ ಹತ್ತಿರ ಹೋಗಿ ನಿಂತೆ. ಅವರು ನೋಟ್‌ಬುಕ್ ಇಸಿದುಕೊಂಡು ನೋಡಿ, "ಲೆಕ್ಕ ಓದಿದವಳಲ್ವಾ, ಎಷ್ಟು ಪರ್ಸೆಂಟ್ ಇಳಿದಿದೆ ಹೇಳು" ಎಂದರು. 130 ಗ್ರಾಂ, ಶೇಕಡಾ 8 ಆಗುವುದಕ್ಕೂ ಚೂರು ಕಡಿಮೆ. ಹುಟ್ಟಿದ ಮಕ್ಕಳೆಲ್ಲ ಮೊದಲ ದಿನಗಳಲ್ಲಿ ನೀರಿನಂಶ ಕಳೆದುಕೊಂಡು ಇಳಿಯುತ್ತವೆ, ದಿನ ತುಂಬದ ಮಕ್ಕಳು ಶೇಕಡಾ 10ರಷ್ಟು ಇಳಿದರೂ ಹೆದರುವ ಹಾಗಿಲ್ಲ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ವಾಪಸ್ ಬರಬೇಕು, ಆಮೇಲೆ ಪ್ರತಿ ಕಿಲೋಗೆ ದಿನಕ್ಕೆ 15ರಿಂದ 20 ಗ್ರಾಂ ಏರಬೇಕು. ಇದನ್ನೆಲ್ಲ ಬರೆದುಕೊಂಡೆ. ಹನ್ನೆರಡನೇ ದಿನ 1,640 ಮತ್ತೆ ಬಂತು. ಅದರ ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ.

ಕಾಂಗರೂ ಆರೈಕೆ ಶುರುವಾದದ್ದು ಮೂರನೇ ದಿನ. ಮಗುವಿಗೆ ಟೋಪಿ ಮತ್ತು ಡೈಪರ್ ಬಿಟ್ಟು ಬೇರೇನೂ ಇಲ್ಲ. ಕಪ್ಪೆಯ ಹಾಗೆ ಕೈಕಾಲು ಮಡಚಿ ನನ್ನ ಬರಿ ಎದೆಯ ಮೇಲೆ ನೆಟ್ಟಗೆ ಕೂರಿಸಿದರು, ಮುಖ ಒಂದು ಪಕ್ಕಕ್ಕೆ, ಕತ್ತು ಮುಂದಕ್ಕೂ ಬಾಗದೆ ಹಿಂದಕ್ಕೂ ವಾಲದೆ. ಮೇಲಿಂದ ಬಟ್ಟೆ ಸುತ್ತಿ ಕಟ್ಟಿದರು. ಅವಳ ಕಿವಿ ನನ್ನ ಎದೆಬಡಿತದ ಮೇಲೆ. ಬೆನ್ನ ಮೇಲೆ ಸಣ್ಣ ನವಿರು ಕೂದಲು. ಒಂದೊಂದು ಬೆರಳೂ ಬೆಂಕಿಕಡ್ಡಿಯಷ್ಟು. ಸ್ವಲ್ಪ ಹೊತ್ತಿಗೆ ಅವಳ ಉಸಿರು ನನ್ನ ಕೊರಳಿಗೆ ತಾಗತೊಡಗಿತು. ಒಂದು ಸಲ ಉಸಿರು ನಿಂತೇಹೋಯಿತು, ಮಾನಿಟರ್ ಕೂಗಿಕೊಂಡಿತು. ದಿನ ತುಂಬದ ಮಕ್ಕಳು ಉಸಿರಾಡುವುದನ್ನೇ ಮರೆಯುವುದುಂಟು. ಸಿಸ್ಟರ್ ಓಡಿಬಂದು ಅಂಗಾಲನ್ನು ಬೆರಳಿನಿಂದ ತಟ್ಟಿದರು, ಉಸಿರು ವಾಪಸ್ ಬಂತು. ಎರಡನೇ ಸಲ ಅವರು ಬರುವುದರೊಳಗೆ ನಾನೇ ತಟ್ಟಿದ್ದೆ.

ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲೇ ಎರಡು ಮೂರು ಮಕ್ಕಳನ್ನು ಮಲಗಿಸುವ ಸ್ಥಿತಿ ಇದ್ದಾಗ, ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ಮಕ್ಕಳ ಡಾಕ್ಟರ್ 1978ರ ಸುಮಾರಿಗೆ ಶುರುಮಾಡಿದ ಪದ್ಧತಿ ಇದು. ಬಡತನದ ಉಪಾಯ ಅಂತ ಬಹಳ ಕಾಲ ಕಡೆಗಣಿಸಿದ್ದರು. ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, 1 ಕಿಲೋದಿಂದ 1.8 ಕಿಲೋದೊಳಗಿನ ಮಕ್ಕಳನ್ನು, ಸ್ಥಿತಿ ಸುಧಾರಿಸಲಿ ಎಂದು ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದರೆ, ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಕಡಿಮೆಯಾಗುತ್ತದೆ ಎಂದು ಕಂಡುಬಂತು. ಅದನ್ನು ಓದಿದ ದಿನ ನಾನು ಕಂಪ್ಯೂಟರ್ ಮುಂದೆ ಕೂತು ಅತ್ತೆ. 1,640 ಗ್ರಾಂ ಆ ಗುಂಪಿನೊಳಗೇ ಬರುತ್ತದೆ. ನಾನು ಏನೂ ಮಾಡಲಿಲ್ಲ, ಬರೀ ಕೂತಿದ್ದೆ ಅಂದುಕೊಂಡಿದ್ದ ಆ ಗಂಟೆಗಳೆಲ್ಲ ಚಿಕಿತ್ಸೆಯಾಗಿದ್ದವು.

ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಮಕ್ಕಳಿಗೆ 34 ವಾರದ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ನಳಿಕೆಯಲ್ಲಿ ಹಾಲು. ಒಂಬತ್ತನೇ ದಿನ ಅವಳು ತಾನಾಗಿ ಬಾಯಿ ಅಗಲಿಸಿ ನಾಲ್ಕು ಸಲ ಚೀಪಿ ನಿದ್ದೆಹೋದಳು. ಇಪ್ಪತ್ತಮೂರನೇ ದಿನ 1,930 ಗ್ರಾಂನೊಂದಿಗೆ ಮನೆಗೆ ಬಂದೆವು.

ಕಷ್ಟ ಮುಗಿಯಿತು ಅಂದುಕೊಂಡೆ. ನಿಜವಾದ ಕಷ್ಟ ಮನೆಯಲ್ಲಿ ಕಾದಿತ್ತು.

ಆಸ್ಪತ್ರೆಯಲ್ಲಿ ಪ್ರತಿ ಮೂರು ಗಂಟೆಗೆ ಯಾರಾದರೂ ಬರುತ್ತಿದ್ದರು. ಮನೆಯಲ್ಲಿ ಯಾರೂ ಬರಲಿಲ್ಲ. ಮಗಳು ಮಲಗಿದರೂ ನಾನು ಮಲಗುತ್ತಿರಲಿಲ್ಲ. ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತ ರಾತ್ರಿ ಕಳೆಯುತ್ತಿತ್ತು. ಜೊತೆಗೆ ಓದಿದ ಗೆಳತಿಯರು ಮೂರನೇ ವರ್ಷಕ್ಕೆ ಹೋಗಿದ್ದರು. ಅವರ ಫೋಟೊ ನೋಡಿ ಹೊಟ್ಟೆಕಿಚ್ಚೂ ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ. ಆರನೇ ವಾರದ ಹೊತ್ತಿಗೆ ಮಗಳು ಅತ್ತರೆ ಅದು ಬೇರೆ ಯಾರದೋ ಮನೆಯಲ್ಲಿ ಅಳುವ ಮಗುವಿನ ಸದ್ದಿನ ಹಾಗೆ ಕೇಳಿಸುತ್ತಿತ್ತು. ಹೆರಿಗೆಯಾದ ಮೊದಲ ವಾರಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ನನ್ನದು ಹೋಗಲಿಲ್ಲ.

ಆರನೇ ವಾರದ ತಪಾಸಣೆಗೆ ಹೋದಾಗ ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸೊನ್ನೆಯಿಂದ ಮೂರರವರೆಗೆ ಅಂಕ. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಮಾಪನ ಅದು, ಬಾಣಂತಿಯರ ಖಿನ್ನತೆ ಗುರುತಿಸುವುದಕ್ಕೆ. ಕಳೆದ ಏಳು ದಿನಗಳಲ್ಲಿ ನಿಮಗೆ ಹೇಗನ್ನಿಸಿತು ಎಂದು ಕೇಳುತ್ತದೆ. ನಗು ಬರುತ್ತಿದೆಯೇ? ಕಾರಣವಿಲ್ಲದೆ ನಿಮ್ಮನ್ನೇ ದೂರಿಕೊಳ್ಳುತ್ತೀರಾ? ಹತ್ತನೆಯದು, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು.

ನಾನು ಹತ್ತಕ್ಕೂ ಸುಳ್ಳು ಬರೆದೆ. ನಿಜ ಬರೆದರೆ "ನೋಡಿದ್ರಾ, ಎಳೆ ಹುಡುಗಿ ಕೈಲಿ ಆಗಲ್ಲ ಅಂತ ಹೇಳಿದ್ವಲ್ಲ" ಅನ್ನುತ್ತಾರೆ, ಮಗಳನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ. ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಈ ಭಯ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದನ್ನು ವಯಸ್ಸು ಕೇಳಿ ಮುಖ ನೋಡುವವರು ಒಮ್ಮೆ ಯೋಚಿಸಬೇಕು. ನಾವು ಸಹಾಯ ಬೇಡ ಎನ್ನುವುದು ಅಹಂಕಾರದಿಂದಲ್ಲ. ಕೇಳಿದರೆ ಅದೇ ಸಾಕ್ಷಿಯಾಗಿಬಿಡುತ್ತದೆ ಅನ್ನುವ ಹೆದರಿಕೆಯಿಂದ.

ಮುಂದಿನ ವಾರ ನಾನು ಹಾಸಿಗೆಯಿಂದ ಏಳಲಿಲ್ಲ. ಅದರ ಮುಂದಿನ ವಾರ ಅಮ್ಮ ನನ್ನ ತಲೆ ಬಾಚಿ ಕರೆದುಕೊಂಡು ಹೋದಳು. ತೂಕ ಮಾಡುವ ಕೋಣೆಯಲ್ಲಿ ಅದೇ ಸಿಸ್ಟರ್ ಇದ್ದರು. ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿ, ಅಂಕಿ ಓದದೆ, ನನ್ನ ಕಡೆಗೆ ತಿರುಗಿ "ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಎಂದರು. ಮನೆಗೆ ಬಂದ ಮೇಲೆ ಯಾರಾದರೂ ಬಾಯಿಬಿಟ್ಟು ನನ್ನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಹಾಳೆಯಲ್ಲಿ ಸುಳ್ಳು ಬರೆದಿದ್ದೇನೆ ಎಂದೆ. ಹತ್ತನೇ ಪ್ರಶ್ನೆಗೂ? ಹತ್ತನೇ ಪ್ರಶ್ನೆಗೂ. ಅವರು ಬೆಚ್ಚಲಿಲ್ಲ, ಬುದ್ಧಿ ಹೇಳಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಬಾ" ಎಂದು ಕೈಹಿಡಿದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಹೊಸ ಹಾಳೆ ತುಂಬಿದೆ. 30ಕ್ಕೆ 21 ಬಂತು. ಹಾಲೂಡಿಸುವವರಿಗೂ ಕೊಡಬಹುದಾದ ಮಾತ್ರೆ ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಮಾತ್ರೆ, ವಾರಕ್ಕೊಮ್ಮೆ ಆಪ್ತಸಮಾಲೋಚನೆ, ರಾತ್ರಿ ಐದು ಗಂಟೆ ಒಂದೇ ಸಮನೆ ನಿದ್ದೆ. ಆ ಐದು ಗಂಟೆ ಮಗು ಅಮ್ಮನ ಜೊತೆ, ನಾನು ಮೊದಲೇ ತೆಗೆದಿಟ್ಟ ಹಾಲಿನ ಜೊತೆ. ಯಾರ ಮಗಳನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಒಂದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವಳ ಅಳು ನನ್ನ ಮಗಳ ಅಳುವಾಗಿ ಕೇಳಿಸಿತು.

ಕಾಲೇಜಿಗೆ ವಾಪಸ್ ಹೋದದ್ದು 14 ತಿಂಗಳ ನಂತರ. ಇದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಓಡಾಟವೇ ಹೆಚ್ಚು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಾಲು ತೆಗೆದಿಡುವುದು. ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಕೆಡದು ಎಂಬ ಲೆಕ್ಕ ಡಬ್ಬಿಯ ಮೇಲೆ ಬರೆದು ಅಂಟಿಸಿದ್ದೆ. ಮೊದಲ ಪರೀಕ್ಷೆಯ ದಿನ ಮೂರನೇ ಗಂಟೆಯಲ್ಲಿ ಎದೆ ಕಟ್ಟಿಕೊಂಡು ರವಿಕೆ ಒದ್ದೆಯಾಯಿತು. ನೋಟ್‌ಬುಕ್ಕನ್ನು ಎದೆಗೆ ಅಡ್ಡ ಹಿಡಿದು ಹೊರಗೆ ಬಂದೆ. ಕೊಠಡಿ ಮೇಲ್ವಿಚಾರಕಿ ನೋಡಿದರು. ಮಾರನೇ ದಿನ ನನ್ನ ಜಾಗವನ್ನು ಬಾಗಿಲ ಹತ್ತಿರಕ್ಕೆ ಬದಲಿಸಿ, ಪಕ್ಕದ ಖಾಲಿ ಕೋಣೆಯ ಬೀಗ ತೆಗೆಸಿಟ್ಟಿದ್ದರು. ಒಂದು ಮಾತೂ ಆಡಲಿಲ್ಲ.

ಮಗಳು ಎಂಟು ತಿಂಗಳಿಗೆ ಕೂತಳು, ಹದಿನಾಲ್ಕಕ್ಕೆ ನಡೆದಳು. ತಡವಾಯಿತು ಎಂದವರಿಗೆ ನಾನು ಏಳು ವಾರ ಕಳೆದು ಲೆಕ್ಕ ಹೇಳುತ್ತಿದ್ದೆ. ದಿನ ತುಂಬದ ಮಕ್ಕಳ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಸುಮ್ಮನೆ ಕೊರಗುತ್ತಾರೆ.

"ನಿನ್ನ ಹಾಗೆ ನಾನೂ ನಿಭಾಯಿಸ್ತೀನಿ ಅಕ್ಕ" ಎಂದು ಒಬ್ಬ ಹುಡುಗಿ ಇತ್ತೀಚೆಗೆ ಹೇಳಿದಳು. ಅವಳಿಗಿನ್ನೂ 18, ಮದುವೆ ನಿಶ್ಚಯವಾಗಿದೆ. ನಾನು ಅವಳನ್ನು ಕೂರಿಸಿಕೊಂಡು ಬಿಪಿಯ ಆ ರಾತ್ರಿಯನ್ನು ಪೂರ್ತಿ ಹೇಳಿದೆ. ಮಗು ಯಾವಾಗ ಎಂಬುದನ್ನು ಮುಂದೂಡುವ ದಾರಿಗಳನ್ನೂ ಹೇಳಿದೆ. ನಾನು ದಾಟಿಬಂದೆ ಎಂಬುದು ಯಾರೂ ಆ ನೀರಿಗೆ ಇಳಿಯುವುದಕ್ಕೆ ಕಾರಣವಾಗಬಾರದು. ಆದರೆ ಇಳಿದಾಗಿದೆ ಅನ್ನುವವರು ಬಂದರೆ ನಾನು ಮೊದಲು ವಯಸ್ಸು ಕೇಳುವುದಿಲ್ಲ. ಬಿಪಿ ನೋಡಿಸಿದೆಯಾ, ರಕ್ತ ಎಷ್ಟಿದೆ, ರಾತ್ರಿ ನಿನ್ನ ಜೊತೆ ಯಾರು ಇರುತ್ತಾರೆ ಎಂದು ಕೇಳುತ್ತೇನೆ.

ಮಗಳಿಗೆ ಈಗ 11. ಮೊನ್ನೆ ಕಪಾಟು ಜೋಡಿಸುವಾಗ ಅವಳಿಗೆ ನೋಟ್‌ಬುಕ್ ಸಿಕ್ಕಿತು. ತಲೆಕೆಳಗು ಮಾಡಿ ಓದುತ್ತ ಕೂತಳು, ಬೆರಳಿಟ್ಟು ಒಂದೊಂದೇ ಸಾಲು. 1,510ರ ಹತ್ತಿರ ನಿಂತು "ಇಲ್ಲಿ ಯಾಕೆ ಕಮ್ಮಿ ಆಗಿದ್ದೆ?" ಎಂದಳು, ಹೇಳಿದೆ. ಏಳನೇ ವಾರದ ಸಾಲಿಗೆ ಬಂದಾಗ ಮತ್ತೆ ನಿಂತಳು. 2,640. ಗುಂಡಗೆ, ದೊಡ್ಡದಾಗಿ, ಗೆರೆ ಬಿಟ್ಟು ಸ್ವಲ್ಪ ಮೇಲಕ್ಕೆ ಹೋಗಿರುವ ಅಂಕಿ. ಪಕ್ಕದಲ್ಲಿ ಅದೇ ಅಕ್ಷರದಲ್ಲಿ ಒಂದು ಸಾಲು: ಮಗು ಚೆನ್ನಾಗಿದೆ, ಇವಳಿಗೆ ಹುಷಾರಿಲ್ಲ, ಸಿಸ್ಟರಿಗೆ ಹೇಳಿ ಬಂದಿದ್ದೇನೆ.

"ಇದು ನಿನ್ನ ಅಕ್ಷರ ಅಲ್ವಲ್ಲಮ್ಮ, ಯಾರದ್ದು?"

"ನಿನ್ನ ಅಜ್ಜಿದು" ಎಂದೆ.